ನೂರ ಇಪ್ಪತ್ತನಾಲ್ಕು ಸೆಕೆಂಡುಗಳ ಸಮರ

1938ನೆಯ ಇಸವಿ ಜೂನ್ 22ರ ರಾತ್ರಿ. ನ್ಯೂಯಾರ್ಕಿನ ಯಾಂಕೀ ಕ್ರೀಡಾಂಗಣದಲ್ಲಿ ಸುಮಾರು 70 ಸಾವಿರ ಜನ ಕಿಕ್ಕಿರಿದು ನೆರೆದಿದ್ದರು. ಮನೆಮನೆಗಳಲ್ಲಿ ಜನರು ರೇಡಿಯೋಗೆ ಕಿವಿಗೊಟ್ಟು ಕುಳಿತಿದ್ದರು. ಹಗ್ಗ ಬಿಗಿದ ಕಣದಲ್ಲಿ ಎದುರುಬದುರಾಗಿ ನಿಂತವರು ಇಬ್ಬರೇ: ಹೆವಿವೆಯ್ಟ್ ಮುಷ್ಟಿಯುದ್ಧದ ವಿಶ್ವ ಚಾಂಪಿಯನ್, ಅಮೆರಿಕದ ಜೋ ಲೂಯಿಸ್, ಅವನ ಪ್ರತಿಸ್ಪರ್ಧಿ, ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್. ಆದರೆ ನೆರೆದವರ ಕಣ್ಣಿಗೆ ಅಂದು ಕಾದಲು ನಿಂತದ್ದು ಎರಡು ರಾಷ್ಟ್ರಗಳು.

ಲೂಯಿಸ್ ಹುಟ್ಟಿದ್ದು 1914ರಲ್ಲಿ, ಅಲಬಾಮ ಪ್ರಾಂತದ ಕಪ್ಪು ಜನಾಂಗದ ಬಡ ಒಕ್ಕಲು ಮನೆಯಲ್ಲಿ. ಅವನ ತಂದೆತಾಯಿಗಳು ಗುಲಾಮಗಿರಿಯಿಂದ ಬಿಡುಗಡೆ ಹೊಂದಿದವರ ಮಕ್ಕಳು. ಡೆಟ್ರಾಯಿಟ್ ನಗರಕ್ಕೆ ವಲಸೆ ಬಂದ ಈ ಹುಡುಗ ಮುಷ್ಟಿಯ ಬಲದಿಂದಲೇ ಹೆಸರು ಗಳಿಸಿದನು. ವೃತ್ತಿಜೀವನದಲ್ಲಿ ಸೋಲನ್ನೇ ಕಾಣದಿದ್ದ ಅವನನ್ನು ಮೊದಲು ಕೆಡವಿದವನು ಇದೇ ಷ್ಮೆಲಿಂಗ್. 1936ರ ಜೂನ್ ತಿಂಗಳ ಆ ಪಂದ್ಯಕ್ಕೆ ಮುನ್ನ ಅವನು ಲೂಯಿಸನ ಪಂದ್ಯಗಳ ಚಲನಚಿತ್ರಗಳನ್ನು ಮತ್ತೆ ಮತ್ತೆ ನೋಡಿದ್ದನು. ಎಡಗೈಯಿಂದ ಹೊಡೆದ ಬಳಿಕ ಲೂಯಿಸ್ ಆ ಕೈಯನ್ನು ತುಸು ಕೆಳಗಿಳಿಸುತ್ತಿದ್ದನು. ಆ ಕ್ಷಣಕ್ಕಾಗಿಯೇ ಕಾದು ಬಲಗೈ ಬೀಸಿದ ಷ್ಮೆಲಿಂಗ್, ಹನ್ನೆರಡನೆಯ ಸುತ್ತಿನಲ್ಲಿ ಅವನನ್ನು ನೆಲಕ್ಕುರುಳಿಸಿದನು.

ಹಿಟ್ಲರನ ಸರಕಾರವು ಆ ಜಯವನ್ನು ತನ್ನ ಜನಾಂಗದ ಹಿರಿಮೆಯ ಡಂಗುರವಾಗಿ ಬಳಸಿಕೊಂಡಿತು. ಆದರೆ ಷ್ಮೆಲಿಂಗ್ ನಾಜಿ ಪಕ್ಷದ ಸದಸ್ಯನಾಗಿರಲಿಲ್ಲ. ಅವನ ವ್ಯವಸ್ಥಾಪಕ ಜೋ ಜೇಕಬ್ಸ್ ಯೆಹೂದಿ; ಅವನನ್ನು ಕೈಬಿಡಬೇಕೆಂಬ ಒತ್ತಾಯಕ್ಕೆ ಷ್ಮೆಲಿಂಗ್ ಮಣಿದಿರಲಿಲ್ಲ. ಆದರೂ 1938ರಲ್ಲಿ ನ್ಯೂಯಾರ್ಕಿಗೆ ಬಂದಿಳಿದಾಗ ಅವನನ್ನು ಎದುರುಗೊಂಡದ್ದು ಪ್ರತಿಭಟನೆ. ಇತ್ತ ಲೂಯಿಸ್ 1937ರಲ್ಲಿ ಬ್ರಾಡಕ್‌ನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆಗಿದ್ದರೂ, ಷ್ಮೆಲಿಂಗನನ್ನು ಗೆಲ್ಲುವವರೆಗೆ ತನ್ನನ್ನು ಯಾರೂ ಚಾಂಪಿಯನ್ ಎನ್ನಬಾರದೆಂದಿದ್ದನು.

ಗಂಟೆ ಬಾರಿಸಿತು. ಲೂಯಿಸ್ ಸಿಡಿಲಿನಂತೆ ಎರಗಿದನು. ಏಟಿನ ಮೇಲೆ ಏಟು ತಿಂದ ಷ್ಮೆಲಿಂಗ್ ಹಗ್ಗಕ್ಕೆ ಒರಗಿ ಮೈ ತಿರುಗಿಸಿದಾಗ, ಪಕ್ಕೆಗೆ ಬಿದ್ದ ಹೊಡೆತವೊಂದು ಬೆನ್ನುಮೂಳೆಯನ್ನೇ ಘಾಸಿಗೊಳಿಸಿತು. ಅವನ ಚೀತ್ಕಾರ ಕಣದ ಸುತ್ತಲಿದ್ದವರಿಗೆಲ್ಲ ಕೇಳಿಸಿತು. ಬಿದ್ದನು, ಎದ್ದನು, ಹೀಗೆ ಮೂರು ಬಾರಿ ನೆಲಕಚ್ಚಿದನು. ಅವನ ತರಬೇತಿದಾರನು ಸೋಲೊಪ್ಪಿ ಕಣದೊಳಕ್ಕೆ ಟವೆಲ್ ಎಸೆದನು. ಆದರೆ ನ್ಯೂಯಾರ್ಕಿನ ನಿಯಮದಲ್ಲಿ ಅದಕ್ಕೆ ಬೆಲೆಯಿರಲಿಲ್ಲ. ತೀರ್ಪುಗಾರ ಡಾನವನ್ ಅದನ್ನು ಆಚೆಗೆಸೆದು, ಮರುಕ್ಷಣವೇ ಪಂದ್ಯವನ್ನು ತಾನಾಗಿ ನಿಲ್ಲಿಸಿದನು. ಕಳೆದಿದ್ದುದು 2 ನಿಮಿಷ 4 ಸೆಕೆಂಡು! ಕಪ್ಪು ಜನರ ಕೇರಿಯಾದ ಹಾರ್ಲೆಮ್ಮಿನ ಬೀದಿಗಳಲ್ಲಿ ಸಂತಸದ ಹೊಳೆ ಹರಿಯಿತು. ಷ್ಮೆಲಿಂಗ್ ಆಸ್ಪತ್ರೆಗೆ ಸೇರಿದನು.

ಅದೇ ವರ್ಷ ನವೆಂಬರಿನಲ್ಲಿ ಜರ್ಮನಿಯಲ್ಲೆಲ್ಲ ಯೆಹೂದಿಗಳ ಮನೆ ಮಳಿಗೆಗಳು ಧ್ವಂಸವಾದವು. ಆಗ ಬರ್ಲಿನ್ನಿನ ಹೋಟೆಲಿನ ತನ್ನ ಕೊಠಡಿಯಲ್ಲಿ ಇಬ್ಬರು ಯೆಹೂದಿ ಬಾಲಕರನ್ನು ಅಡಗಿಸಿಟ್ಟು ಕಾಪಾಡಿದವನು ಈ ಷ್ಮೆಲಿಂಗ್! ಈ ಸಂಗತಿಯನ್ನು ಅವನು ಹೇಳಿಕೊಳ್ಳಲಿಲ್ಲ. 1989ರಲ್ಲಿ ಆ ಬಾಲಕರಲ್ಲೊಬ್ಬನೇ, ವಯೋವೃದ್ಧನಾಗಿ, ಅದನ್ನು ಲೋಕಕ್ಕೆ ತಿಳಿಸಿದನು.

ಇತ್ತ ಲೂಯಿಸ್ 1942ರಲ್ಲಿ ಎರಡು ಪಂದ್ಯಗಳ ಸಂಭಾವನೆಯನ್ನು ನೌಕಾಪಡೆ ಹಾಗೂ ಭೂಸೇನೆಗಳ ಪರಿಹಾರ ನಿಧಿಗಳಿಗೆ ಒಪ್ಪಿಸಿ, ತಾನೂ ಸೈನಿಕನಾದನು. ಅವನು ಸೇರಿದ ಸೈನ್ಯದಲ್ಲಿ ಕಪ್ಪು ಸೈನಿಕರಿಗೆ ಬೇರೆಯೇ ಪಂಕ್ತಿ. ದೇಶವೇ ಹೆಗಲ ಮೇಲೆ ಹೊತ್ತು ಮೆರೆಸಿದ ಈ ವೀರನನ್ನು ಮುಂದೆ ಆದಾಯ ತೆರಿಗೆಯ ಬಾಕಿ ಬೆನ್ನಟ್ಟಿ ಹಣ್ಣುಮಾಡಿತು. ಷ್ಮೆಲಿಂಗನಾದರೋ ಯುದ್ಧಾನಂತರ ತಂಪು ಪಾನೀಯದ ವ್ಯಾಪಾರದಲ್ಲಿ ಏಳಿಗೆ ಹೊಂದಿದನು. 1954ರಲ್ಲಿ ಅವನು ಅಮೆರಿಕಕ್ಕೆ ಹೋಗಿ ಲೂಯಿಸನನ್ನು ಕಂಡನು. ಅಲ್ಲಿಂದ ಮೊದಲಾದ ಗೆಳೆತನ ಕೊನೆಯವರೆಗೂ ಮಾಸಲಿಲ್ಲ.

1981ರಲ್ಲಿ ಲೂಯಿಸ್ ತೀರಿಕೊಂಡಾಗ ಅಂತ್ಯಕ್ರಿಯೆಯ ವೆಚ್ಚದಲ್ಲಿ ಒಂದು ಪಾಲನ್ನು ಷ್ಮೆಲಿಂಗ್ ಹೊತ್ತನು. ಆ ಬಳಿಕ 24 ವರ್ಷ ಬದುಕಿದ್ದು, 2005ರಲ್ಲಿ, 99ನೆಯ ವಯಸ್ಸಿನಲ್ಲಿ ಅವನು ಕಣ್ಣುಮುಚ್ಚಿದನು. ಎರಡು ರಾಷ್ಟ್ರಗಳು ತಮ್ಮ ಹಗೆಯನ್ನೆಲ್ಲ ಹೊರಿಸಿದ್ದ ಆ ಇಬ್ಬರಲ್ಲಿ ಪರಸ್ಪರ ಹಗೆಯೇ ಉಳಿಯಲಿಲ್ಲ.