ಬ್ಯಾಟರಿಯಲ್ಲಿ ಉಳಿದಿರುವುದೆಷ್ಟು?

2024ರ ಜುಲೈ ತಿಂಗಳು. ತೀರ್ಥಹಳ್ಳಿಯ ಕಡೆಯ ನಮ್ಮ ಹಳ್ಳಿಯಲ್ಲಿ ಪುನರ್ವಸು ಮಳೆ ಹಗಲಿರುಳೆನ್ನದೆ ಹೊಯ್ಯುತ್ತಿದ್ದಿತು. ಮರವೊಂದು ತಂತಿಯ ಮೇಲೆ ಉರುಳಿ ನಾಲ್ಕು ದಿನಗಳಿಂದ ಊರಿಗೆ ವಿದ್ಯುತ್ತಿರಲಿಲ್ಲ. ನಮ್ಮ ಮನೆಗೆ ಅದರಿಂದ ಹೆಚ್ಚಿನ ತೊಂದರೆಯಿಲ್ಲವೆಂದೇ ನಾವು ತಿಳಿದಿದ್ದೆವು. ಮಾಡಿನ ಮೇಲೆ ಮೂರು ಕಿಲೊವಾಟ್‌ನ ಸೌರಫಲಕಗಳಿವೆ. ಜಗಲಿಯ ಮೂಲೆಯಲ್ಲಿ ಐದು ಯೂನಿಟ್ ಶಕ್ತಿಯನ್ನು ಕೂಡಿಡಬಲ್ಲ ಬ್ಯಾಟರಿಯಿದೆ. ನಮ್ಮ ತಂದೆಯವರಿಗೆ ಶ್ವಾಸಕೋಶದ ಕಾಯಿಲೆ. ಆಮ್ಲಜನಕವನ್ನು ಒದಗಿಸುವ ಯಂತ್ರವು ರಾತ್ರಿಯೆಲ್ಲ ಅವರ ಮಂಚದ ಬಳಿ ನಡೆಯುತ್ತಿರಬೇಕು. ಅದಕ್ಕಾಗಿಯೇ ಈ ಏರ್ಪಾಡು.

ಆ ರಾತ್ರಿ ಹತ್ತು ಗಂಟೆಗೆ ಬ್ಯಾಟರಿಯ ಮಾಪಕವನ್ನು ನೋಡಿದೆನು. ಶೇಕಡ 62 ಎಂದಿತ್ತು. ಯಂತ್ರಕ್ಕೆ 300 ವಾಟ್, ಇನ್ವರ್ಟರಿನ ಸ್ವಂತ ಖರ್ಚು ಸುಮಾರು 40 ವಾಟ್. ತಂದೆಯವರು ಏಳುವ ಐದು ಗಂಟೆಯವರೆಗೆ ಬೇಕಾದುದು 2.4 ಯೂನಿಟ್. ಶೇಕಡ 10 ಉಳಿದಾಗ ಇನ್ವರ್ಟರು ತಾನಾಗಿಯೇ ನಿಲ್ಲುವುದಾದರೂ ಅಲ್ಲಿಯವರೆಗೆ 2.6 ಯೂನಿಟ್ ದೊರೆಯಬೇಕು. ಸಾಕಾಗುವುದೆಂದು ಲೆಕ್ಕಹಾಕಿ ಮಲಗಿದೆನು.

ಒಂದೂವರೆ ಗಂಟೆಗೆ ಯಂತ್ರದ ಎಚ್ಚರಿಕೆಯ ಸದ್ದು ಕೇಳಿಸಿತು. ಮನೆಯೆಲ್ಲ ಕತ್ತಲೆ. ನಾನು ಕೋಣೆಗೆ ಓಡುವಷ್ಟರಲ್ಲಿ ತಾಯಿಯವರು ಟಾರ್ಚು ಹಿಡಿದು, ತುರ್ತಿಗೆಂದು ಇಟ್ಟಿದ್ದ ಸಿಲಿಂಡರಿನ ಕೊಳವೆಯನ್ನು ಆಗಲೇ ಜೋಡಿಸುತ್ತಿದ್ದರು. ಅಪಾಯ ತಪ್ಪಿತು. ಉಸಿರು ಸ್ವಲ್ಪ ಹದಕ್ಕೆ ಬಂದ ಮೇಲೆ ತಂದೆಯವರು ಕೇಳಿದ ಮೊದಲ ಮಾತು: “ನಿನ್ನ ಮೀಟರು ಈಗ ಎಷ್ಟು ಹೇಳ್ತದೆ ಮಾರಾಯ?”

ಹೋಗಿ ನೋಡಿದೆನು. ಮಾಪಕವು ಇನ್ನೂ 40 ಎನ್ನುತ್ತಿದ್ದಿತು.

ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವನಿಗೆ ಇದಕ್ಕಿಂತ ನಾಚಿಕೆಯ ಸಂಗತಿ ಬೇರೊಂದಿಲ್ಲ. ತಪ್ಪು ಎಲ್ಲಿತ್ತೆಂಬುದನ್ನು ಹುಡುಕಲು ನನಗೆ ಎರಡು ವಾರ ಹಿಡಿಯಿತು. ಆ ಹುಡುಕಾಟವನ್ನು ವಿದ್ಯಾರ್ಥಿಗಳ ಮುಂದಿಡುತ್ತೇನೆ.

ಮೊದಲು ಗಮನಿಸಬೇಕಾದ ಮಾತೊಂದಿದೆ. ತೊಟ್ಟಿಯಲ್ಲಿ ಎಷ್ಟು ನೀರಿದೆಯೆಂದು ತಿಳಿಯಲು ಕೋಲನ್ನು ಅದ್ದಿ ನೋಡುತ್ತೇವಷ್ಟೆ. ಹಳೆಯ ಸೀಸ-ಆಮ್ಲದ ಬ್ಯಾಟರಿಗೂ ಅಂಥದೊಂದು ಕೋಲು ಇದ್ದಿತು. ವಿದ್ಯುತ್ತನ್ನು ಕೊಡುತ್ತ ಹೋದಂತೆ ಅದರ ಗಂಧಕಾಮ್ಲವು ಕ್ರಿಯೆಯಲ್ಲಿ ವೆಚ್ಚವಾಗಿ ದ್ರವವು ತೆಳುವಾಗುತ್ತದೆ. ತುಂಬಿದಾಗ ಸುಮಾರು 1.27 ಇದ್ದ ಸಾಪೇಕ್ಷ ಸಾಂದ್ರತೆ, ಬರಿದಾಗುತ್ತ 1.15ಕ್ಕೂ ಕೆಳಗಿಳಿಯುತ್ತದೆ. ಹೈಡ್ರೋಮೀಟರನ್ನು ತೇಲಬಿಟ್ಟರೆ ಉಳಿದಿರುವುದೆಷ್ಟೆಂಬುದು ಕಣ್ಣಿಗೇ ಕಾಣುತ್ತಿತ್ತು. ನಮ್ಮ ಮನೆಯಲ್ಲಿರುವುದಾದರೋ ಲಿಥಿಯಮ್ ಐರನ್ ಫಾಸ್ಫೇಟ್ ಬ್ಯಾಟರಿ. ಮುಚ್ಚಿದ ಪೆಟ್ಟಿಗೆ, ಅದ್ದಿ ನೋಡುವಂತಿಲ್ಲ.

ಹಾಗಾದರೆ ವೋಲ್ಟೇಜನ್ನು ಅಳೆಯಬಾರದೇಕೆ? ಇದು ಯಾರಿಗಾದರೂ ತೋಚುವ ಉಪಾಯವೇ. ಆದರೆ ಈ ಜಾತಿಯ ಬ್ಯಾಟರಿಗೆ ವಿಚಿತ್ರವಾದ ಗುಣವೊಂದಿದೆ. ಅದರ ಒಂದೊಂದು ಕೋಶದ ವೋಲ್ಟೇಜು, ಶೇಕಡ 80ರಿಂದ 20ರವರೆಗೆ ಬರಿದಾದರೂ, ಸುಮಾರು 0.1 ವೋಲ್ಟಿನಷ್ಟು ಮಾತ್ರವೇ ಇಳಿಯುತ್ತದೆ. ಕಾರಣವನ್ನು ತಿಳಿಯಲು ಮಂಜುಗಡ್ಡೆಯನ್ನು ನೆನೆಯಿರಿ. ಕರಗುತ್ತಿರುವ ಮಂಜುಗಡ್ಡೆಯಲ್ಲಿ ಉಷ್ಣತಾಮಾಪಕವನ್ನಿಟ್ಟರೆ, ಗಡ್ಡೆಯ ಕಾಲುಭಾಗ ಕರಗಿರಲಿ, ಮುಕ್ಕಾಲು ಭಾಗ ಕರಗಿರಲಿ, ಅದು ಸೊನ್ನೆ ಡಿಗ್ರಿಯನ್ನೇ ತೋರಿಸುತ್ತದೆ. ಘನ ಮತ್ತು ದ್ರವ ಎಂಬ ಎರಡು ಪ್ರಾವಸ್ಥೆಗಳು ಒಟ್ಟಿಗೆ ಇರುವಷ್ಟು ಕಾಲ ಉಷ್ಣತೆ ಬದಲಾಗದು. ಈ ಬ್ಯಾಟರಿಯ ಧನಧ್ರುವದಲ್ಲಿಯೂ ಲಿಥಿಯಮ್ ತುಂಬಿದ ಪ್ರಾವಸ್ಥೆ, ಲಿಥಿಯಮ್ ಇಲ್ಲದ ಪ್ರಾವಸ್ಥೆ ಎಂದು ಎರಡು ಜೊತೆಯಲ್ಲಿರುತ್ತವೆ. ಒಂದು ಬೆಳೆದಂತೆ ಇನ್ನೊಂದು ಕುಗ್ಗುತ್ತದೆ, ವೋಲ್ಟೇಜು ಮಾತ್ರ ನಿಂತಲ್ಲಿಯೇ ನಿಂತಿರುತ್ತದೆ. ಪಾಧಿ, ನಂಜುಂಡಸ್ವಾಮಿ ಮತ್ತು ಗುಡ್‌ಇನಫ್ ಎಂಬ ವಿಜ್ಞಾನಿಗಳು 1997ರಲ್ಲಿ ಈ ವಸ್ತುವನ್ನು ಲೋಕಕ್ಕೆ ಪರಿಚಯ ಮಾಡಿಕೊಟ್ಟ ಲೇಖನದಲ್ಲಿಯೇ ಈ ಮಾತು ಬಂದಿದೆ.

ಎಷ್ಟು ಮಂಜು ಕರಗಿತೆಂಬುದನ್ನು ಉಷ್ಣತಾಮಾಪಕ ಹೇಳಲಾರದಾದರೆ, ಎಷ್ಟು ಶಾಖವನ್ನು ಒಳಗೆ ಹರಿಸಿದೆವೆಂಬುದನ್ನು ಲೆಕ್ಕವಿಡಬೇಕು. ಬ್ಯಾಟರಿಯ ಮಾಪಕ ಮಾಡುವುದೂ ಇದನ್ನೇ. ಅದು ಬ್ಯಾಟರಿಯೊಳಗೆ ಇಣುಕುವುದಿಲ್ಲ. ಬಾಗಿಲಲ್ಲಿ ಕುಳಿತು ಒಳಹೋದ ಮತ್ತು ಹೊರಬಂದ ವಿದ್ಯುದಂಶವನ್ನು ಎಣಿಸುತ್ತದೆ. ಬ್ಯಾಟರಿಯ ಋಣಧ್ರುವದ ತಂತಿಯಲ್ಲಿ ಷಂಟ್ ಎಂಬ ಲೋಹದ ತುಂಡನ್ನು ಸೇರಿಸಿರುತ್ತಾರೆ. ನಮ್ಮದರ ರೋಧ ಒಂದು ಓಮಿನ ಹತ್ತು ಸಾವಿರದಲ್ಲೊಂದು ಭಾಗ. ಅದರ ತುದಿಗಳ ನಡುವಣ ವಿಭವಾಂತರದಿಂದ ಪ್ರವಾಹವು ತಿಳಿಯುತ್ತದೆ. ಪ್ರವಾಹವನ್ನು ಕಾಲದೊಡನೆ ಗುಣಿಸುತ್ತ ಕೂಡುತ್ತ ಹೋದರೆ ವಿದ್ಯುದಂಶವು ದೊರೆಯುತ್ತದೆ. ಉಪಾಯ ಹೊಸದೇನಲ್ಲ. 1880ರ ದಶಕದಲ್ಲಿ ಎಡಿಸನ್ನನು ನ್ಯೂಯಾರ್ಕಿನ ಗಿರಾಕಿಗಳ ಮನೆಗಳಲ್ಲಿ ಇರಿಸಿದ ಮಾಪಕವು ಸತುವಿನ ಫಲಕಗಳನ್ನು ಮುಳುಗಿಸಿದ ಒಂದು ಸೀಸೆ. ಷಂಟಿನ ನೆರವಿನಿಂದ ಪ್ರವಾಹದ ಅಲ್ಪಾಂಶವನ್ನು ಮಾತ್ರ ಅದರ ಮೂಲಕ ಹಾಯಿಸುತ್ತಿದ್ದರು. ಫಲಕಗಳನ್ನು ಒಯ್ದು ತಕ್ಕಡಿಯಲ್ಲಿ ತೂಗಿ, ಫ್ಯಾರಡೆಯ ನಿಯಮದಂತೆ ಲೆಕ್ಕಹಾಕಿ ಬಿಲ್ಲು ಬರೆಯುತ್ತಿದ್ದರು!

ಎಣಿಕೆಯವನಿಗೆ ಒಂದು ದುರ್ಬಲತೆಯುಂಟು. ಅವನ ತಪ್ಪುಗಳು ಕೂಡುತ್ತ ಹೋಗುತ್ತವೆ. ಅಂಗಡಿಯ ಖಾತೆಪುಸ್ತಕವನ್ನು ನಗದು ಪೆಟ್ಟಿಗೆಯೊಡನೆ ಆಗಾಗ ತಾಳೆ ನೋಡದಿದ್ದರೆ ಏನಾಗುವುದೋ ಇಲ್ಲಿಯೂ ಅದೇ. ತಾಳೆ ನೋಡುವ ಸಮಯ ಯಾವುದೆಂದರೆ, ಬ್ಯಾಟರಿ ಪೂರ್ತಿ ತುಂಬುವ ಗಳಿಗೆ. ಆಗ ವೋಲ್ಟೇಜು ಸರ್ರನೆ ಏರುತ್ತದೆ, ಒಳಹರಿಯುವ ಪ್ರವಾಹ ಬಲು ಕಡಿಮೆಯಾಗುತ್ತದೆ. ಈ ಎರಡು ಕುರುಹುಗಳನ್ನು ಕಂಡ ಕೂಡಲೇ ಮಾಪಕವು ಹಳೆಯ ಲೆಕ್ಕವನ್ನೆಲ್ಲ ಅಳಿಸಿ, 100 ಎಂದು ಬರೆದುಕೊಂಡು, ಹೊಸದಾಗಿ ಎಣಿಸತೊಡಗುತ್ತದೆ. ಬೇಸಗೆಯಲ್ಲಿ ಇದು ಪ್ರತಿ ಮಧ್ಯಾಹ್ನವೂ ನಡೆಯುವ ಕೆಲಸ. ಆಷಾಢದ ಮಲೆನಾಡಿನಲ್ಲಿ? ಬಿಸಿಲಿನ ದಿನ ಹನ್ನೆರಡು ಯೂನಿಟ್ ಕೊಡುವ ನಮ್ಮ ಫಲಕಗಳು ಆ ನಾಲ್ಕು ದಿನ ಮೂರು ನಾಲ್ಕು ಯೂನಿಟ್ ಕೊಟ್ಟರೆ ಹೆಚ್ಚು. ಬ್ಯಾಟರಿ ಒಮ್ಮೆಯೂ ತುಂಬಲಿಲ್ಲ. ತಪ್ಪು ಏನೇ ಇದ್ದರೂ ಅದು ನಾಲ್ಕು ದಿನ ಅಡೆತಡೆಯಿಲ್ಲದೆ ಬೆಳೆದಿತ್ತು.

ಆದರೆ ಆ ತಪ್ಪಾದರೂ ಯಾವುದು? ನನ್ನ ಮೊದಲ ಸಂದೇಹ ಬ್ಯಾಟರಿಯ ಮೇಲೆ. ಬ್ಯಾಟರಿ ಮುದಿಯಾಗಿ ಅದರ ಧಾರಣಶಕ್ತಿ ಕುಗ್ಗಿದ್ದರೂ ಇದೇ ಲಕ್ಷಣ ತೋರುತ್ತದೆ; ಮಾಪಕಕ್ಕೆ ಅದು ತಿಳಿಯದು. ವಿದ್ಯುತ್ತು ಮರಳಿ ಬಂದ ಮೇಲೆ ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಹೊರಗಿನ ಪೂರೈಕೆಯನ್ನು ಕಳಚಿ, 1000 ವಾಟಿನ ನೀರು ಕಾಯಿಸುವ ರಾಡನ್ನು ಬಕೆಟಿನಲ್ಲಿಟ್ಟು ಕುಳಿತೆನು. ನಾಲ್ಕೂಕಾಲು ಗಂಟೆಗಳಲ್ಲಿ ನಾಲ್ಕು ಬಕೆಟ್ ನೀರು ಕಾಯಿತು. ಮನೆಯವರಿಗೆಲ್ಲ ಅಂದು ಭರ್ಜರಿ ಸ್ನಾನ. ಇನ್ವರ್ಟರು ನಿಂತಾಗ ಮಾಪಕವು 11 ಎಂದು ತೋರುತ್ತಿದ್ದಿತು. ಇರಬೇಕಾದುದು 10. ಎಂದರೆ ಬ್ಯಾಟರಿಯೂ ಗಟ್ಟಿಯಾಗಿದೆ, ಷಂಟಿನ ಅಳತೆಯೂ ಸರಿಯಾಗಿದೆ!

ಇಲ್ಲಿ ನಾನು ಒಂದು ದಿನ ದಿಕ್ಕುಗೆಟ್ಟೆನು. ಬಳಿಕ ನೆನಪಾದುದು ಪ್ರಯೋಗಶಾಲೆಯ ಮೊದಲ ಪಾಠ. ಸ್ಕ್ರೂಗೇಜಿನಲ್ಲಿ ಎರಡು ಬಗೆಯ ತಪ್ಪುಗಳಿರಬಹುದೆಂದು ನಾವೇ ಹುಡುಗರಿಗೆ ಹೇಳಿಕೊಡುತ್ತೇವೆ. ಗೀಟುಗಳೇ ತಪ್ಪಾಗಿದ್ದರೆ ಅಳೆಯುವ ವಸ್ತು ದೊಡ್ಡದಾದಂತೆ ತಪ್ಪೂ ದೊಡ್ಡದಾಗುತ್ತದೆ. ಶೂನ್ಯದೋಷವಾದರೋ, ಏನನ್ನೂ ಅಳೆಯದಿರುವಾಗಲೂ ಇರುತ್ತದೆ. ನಮ್ಮ ಮಾಪಕವು ನಾಲ್ಕು ಗಂಟೆಗಳಲ್ಲಿ ಅಷ್ಟೊಂದು ವಿದ್ಯುತ್ತನ್ನು ಎಣಿಸಿ ಎಡವಿದುದು ಒಂದೇ ಅಂಶ. ನಾಲ್ಕು ದಿನಗಳಲ್ಲಿ ಎಡವಿದುದು ಸುಮಾರು 29 ಅಂಶ. ತಪ್ಪು ಬೆಳೆದುದು ಖರ್ಚಿನೊಡನೆ ಅಲ್ಲ, ಗಡಿಯಾರದೊಡನೆ. ಬ್ಯಾಟರಿಯ ಧಾರಣಶಕ್ತಿ 100 ಆಂಪಿಯರ್-ಗಂಟೆ. 29ನ್ನು 96 ಗಂಟೆಗಳಿಂದ ಭಾಗಿಸಿದರೆ 0.3 ಆಂಪಿಯರ್. ಯಾವುದೋ 0.3 ಆಂಪಿಯರ್ ಪ್ರವಾಹವು ಹಗಲೂ ರಾತ್ರಿಯೂ ಲೆಕ್ಕಕ್ಕೆ ಸಿಕ್ಕದೆ ಸೋರುತ್ತಿರಬೇಕು.

ಕಾಲೇಜಿನಿಂದ ಒಂದು ಆಂಪಿಯರಿನ ಮಾಪಕವನ್ನು ತಂದು, ಊರಿನ ಎಲೆಕ್ಟ್ರಿಷಿಯನ್ನರನ್ನು ಕರೆಸಿದೆನು. “ಉಂಗುರ ತೆಗೆದಿಡಿ ಮೇಷ್ಟ್ರೆ, ಆಮೇಲೆ ಮುಟ್ಟಿ” ಎಂದರು ಅವರು. ಬುದ್ಧಿವಂತರ ಮಾತು, ಎರಡು ಧ್ರುವಗಳ ನಡುವೆ ಉಂಗುರವೋ ಸ್ಪ್ಯಾನರೋ ಸಿಕ್ಕಿದರೆ ನೂರಾರು ಆಂಪಿಯರು ಹರಿದು ಲೋಹವನ್ನೇ ಕರಗಿಸೀತು. ಫಲಕಗಳನ್ನೂ ಇನ್ವರ್ಟರನ್ನೂ ಆರಿಸಿ, ಬ್ಯಾಟರಿಯ ಧನಧ್ರುವದ ತಂತಿಗೆ ಆಂಪಿಯರ್ ಮಾಪಕವನ್ನು ಸರಣಿಯಲ್ಲಿ ಜೋಡಿಸಿದೆವು. ಮುಳ್ಳು 0.3ರ ಬಳಿ ನಿಂತಿತು. ಗೋಡೆಯ ಮೇಲಿನ ಮಾಪಕವು ಮಾತ್ರ 0.0 ಎನ್ನುತ್ತಿದ್ದಿತು.

ತಂತಿಗಳನ್ನು ಒಂದೊಂದಾಗಿ ಹಿಡಿದು ಹೋದಾಗ ಕಳ್ಳ ಸಿಕ್ಕಿದನು. ಅಂತರ್ಜಾಲದ ರೌಟರಿಗೂ ಗೇಟಿನ ಕ್ಯಾಮೆರಾಕ್ಕೂ 12 ವೋಲ್ಟ್ ಒದಗಿಸುವ ಪುಟ್ಟ ಡಬ್ಬಿ, 15 ವಾಟಿನದು. ಅದರ ಋಣತಂತಿಯನ್ನು ಷಂಟಿನ ಆಚೆಯ ತುದಿಗೆ ಜೋಡಿಸುವ ಬದಲು ನೇರವಾಗಿ ಬ್ಯಾಟರಿಯ ಧ್ರುವಕ್ಕೇ ಬಿಗಿಯಲಾಗಿತ್ತು. ಹಿತ್ತಿಲ ಬಾಗಿಲಿನಿಂದ ಹೋಗಿಬರುವವನನ್ನು ಜಗಲಿಯಲ್ಲಿ ಕುಳಿತ ಗುಮಾಸ್ತ ಹೇಗೆ ಎಣಿಸಿಯಾನು? ಹಿಂದಿನ ಜನವರಿಯಲ್ಲಿ ಆ ಡಬ್ಬಿಯನ್ನು ತಂದು ಬಿಗಿದವನು ನಾನೇ. ಬೇಸಗೆಯಲ್ಲಿ ದಿನಕ್ಕೆ ಏಳು ಅಂಶದ ತಪ್ಪು ಮಧ್ಯಾಹ್ನದ ಹೊತ್ತಿಗೆ ಅಳಿಸಿಹೋಗುತ್ತಿದ್ದುದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ತಂತಿಯನ್ನು ಸರಿಯಾದ ಕಡೆಗೆ ಬದಲಾಯಿಸಿದೆವು. ಹಾಗೆಂದು ಎಣಿಕೆ ಪರಿಶುದ್ಧವಾಯಿತೆಂದಲ್ಲ. 0.3 ಆಂಪಿಯರಿಗೆ ಈ ಷಂಟಿನಲ್ಲಿ ಹುಟ್ಟುವುದು 30 ಮೈಕ್ರೋವೋಲ್ಟ್. ಅಷ್ಟು ಸಣ್ಣದನ್ನು ಅಳೆಯುವಾಗ ಯಾವ ಉಪಕರಣವೂ ಸ್ವಲ್ಪ ತಡವರಿಸದೆ ಇರದು. ಗೊಂದಲವನ್ನು ತಪ್ಪಿಸಲು ಅನೇಕ ಮಾಪಕಗಳು ಒಂದು ಮಿತಿಗಿಂತ ಕಡಿಮೆಯಾದ ಪ್ರವಾಹವನ್ನು ಸೊನ್ನೆಯೆಂದೇ ಎಣಿಸುತ್ತವೆ.

ಮನೆಯ ಬೇರೆ ಮಾಪಕಗಳ ಮೇಲೆಯೂ ದೂರುಗಳುಂಟು. ಹತ್ತು ಯೂನಿಟ್ ತುಂಬಿಸಿದರೆ ಎಂಟೂವರೆಯೇ ಮರಳುತ್ತದೆಂಬುದು ತಪ್ಪಲ್ಲ. ಉಳಿದುದು ಪರಿವರ್ತನೆಯಲ್ಲಿ ಶಾಖವಾಗಿ ಹೋದದ್ದು. ತಂತಿಯನ್ನು ಬಳಸಿ ಕೂರುವ ಪ್ರವಾಹಗ್ರಾಹಕದ ಬಳೆಯನ್ನು ಹಿಂದುಮುಂದಾಗಿ ತೊಡಿಸಿದ್ದರೆ ಕೊಟ್ಟದ್ದು ಕೊಂಡದ್ದಾಗಿ ಕಾಣುತ್ತದೆ. ಅದರ ಮೇಲಿನ ಬಾಣದ ಗುರುತನ್ನು ನೋಡಿದರೆ ಸಾಕು. ಸಾಮಾನ್ಯ ಮಾಪಕವನ್ನು ಪರೀಕ್ಷಿಸಲು ವಿದ್ಯಾರ್ಥಿಗಳು ಮನೆಯಲ್ಲಿಯೇ ಮಾಡಬಹುದಾದ ಪ್ರಯೋಗವೊಂದಿದೆ. ವಿದ್ಯುತ್ ಮಂಡಳಿಯವರ ಮಾಪಕದ ಮೇಲೆ ಮಿನುಗುವ ಕೆಂಪು ದೀಪವನ್ನು ನೋಡಿರಬಹುದು. ಅನೇಕ ಮಾಪಕಗಳಲ್ಲಿ ಅದು ಯೂನಿಟ್ಟಿಗೆ 3200 ಸಲ ಮಿನುಗುತ್ತದೆ. ಸಂಖ್ಯೆಯನ್ನು ಮಾಪಕದ ಮೇಲೆಯೇ ಬರೆದಿರುತ್ತದೆ. ಮಿಕ್ಕ ದೀಪ ಫ್ಯಾನುಗಳನ್ನೆಲ್ಲ ಆರಿಸಿ 1000 ವಾಟಿನ ರಾಡೊಂದನ್ನೇ ಹಾಕಿದರೆ ನಿಮಿಷಕ್ಕೆ 53 ಸಲ ಮಿನುಗಬೇಕು. 44 ಸಲ ಮಾತ್ರ ಮಿನುಗಿತೆಂದು ಕೂಡಲೇ ದೂರು ಬರೆಯಬೇಡಿ. ರಾಡಿನ ಮೇಲಿನ 1000 ವಾಟ್ ಎಂಬುದು 230 ವೋಲ್ಟಿಗೆ. ನಿಮ್ಮ ಮನೆಗೆ 210 ಬರುತ್ತಿದ್ದರೆ ಸಾಮರ್ಥ್ಯವು ವೋಲ್ಟೇಜಿನ ವರ್ಗದಂತೆ ಇಳಿದು 834 ವಾಟ್ ಆಗುತ್ತದೆ. ಮಾಪಕವು ಸರಿಯಾಗಿಯೇ ಇದೆ.

ಈಗ ನಮ್ಮ ಜಗಲಿಯ ಗೋಡೆಯಲ್ಲಿ ಮಾಪಕದ ಪಕ್ಕಕ್ಕೆ ಒಂದು ಕ್ಯಾಲೆಂಡರು ತೂಗುತ್ತಿದೆ. ಬ್ಯಾಟರಿ ಪೂರ್ತಿ ತುಂಬಿದ ದಿನಕ್ಕೆ ತಾಯಿಯವರು ಪೆನ್ಸಿಲಿನಿಂದ ಸುತ್ತು ಹಾಕುತ್ತಾರೆ. ಮಳೆಗಾಲದಲ್ಲಿ ಸುತ್ತಿಲ್ಲದೆ ಮೂರು ದಿನ ಕಳೆದರೆ, ಮಾಪಕ ಏನೇ ಹೇಳಲಿ, ಸಂಜೆಯೇ ಸಿಲಿಂಡರನ್ನು ತಂದೆಯವರ ಮಂಚದ ಬಳಿಗೆ ಸರಿಸಿ ಕೊಳವೆಯನ್ನು ಸಿದ್ಧವಾಗಿಡುತ್ತೇವೆ.