ಸುರಿದರೆ ಬಿಸಿಲಿನ ಪಾಲು, ಹನಿಸಿದರೆ ಗಿಡದ ಪಾಲು!

ಆಗುಂಬೆಯವರು ಮನೆ ಬಿಡುವಾಗ ಕೊಡೆ ಮರೆತರೆ ಫಜೀತಿ. ನಮ್ಮವರು ನಲ್ಲಿ ಬಂದ ಹೊತ್ತಿಗೆ ಕೊಡ ಮರೆತರೆ ಫಜೀತಿ. ರಾಜ್ಯದಲ್ಲಿ ಅತಿ ಹೆಚ್ಚು ಮಳೆ ಎಲ್ಲಿ? ಆಗುಂಬೆ. ಅತಿ ಕಡಿಮೆ ಎಲ್ಲಿ? ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ. ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿಯೇ ನಾವೆಲ್ಲ ಬೆಳೆದದ್ದು. ಪರೀಕ್ಷೆಯಲ್ಲಿ ಅಂಕ ಬಂತು, ಊರಿಗೆ ನೀರು ಬರಲಿಲ್ಲ.

ಹಾಗಂತ ಚಳ್ಳಕೆರೆ, ಮೊಳಕಾಲ್ಮುರು ಮಂದಿಗೆ ಹಸಿರಿನ ಆಸೆ ಇಲ್ಲವೇ? ಧಾರಾಳವಾಗಿ ಇದೆ. ಹಿತ್ತಲಲ್ಲಿ ಒಂದು ತೆಂಗು, ಒಂದು ನಿಂಬೆ, ಒಂದು ಕರಿಬೇವು. ಬಾಗಿಲ ಪಕ್ಕ ಮಲ್ಲಿಗೆ ಬಳ್ಳಿ, ಕನಕಾಂಬರ. ಜಾಗ ಇದ್ದವರು ನಾಲ್ಕು ಬದನೆ, ನಾಲ್ಕು ಟೊಮೆಟೊ ಇಟ್ಟುಕೊಳ್ಳುತ್ತಾರೆ. ಜಾಗ ಇಲ್ಲದ ಅಂಗಡಿಯವರು ಎಣ್ಣೆ ಡಬ್ಬದಲ್ಲೇ ತುಳಸಿ ಬೆಳೆಸುತ್ತಾರೆ. ಇದರಲ್ಲಿ ತಪ್ಪೇನಿಲ್ಲ. ತಪ್ಪಿರುವುದು ನೀರು ಹಾಕುವ ಕ್ರಮದಲ್ಲಿ.

ಬೀದಿಯ ಮೇಲ್ಗಡೆ ಮನೆಯವರು ನಲ್ಲಿಗೆ ಪೈಪು ಸಿಕ್ಕಿಸಿ ದಾಸವಾಳಕ್ಕೆ ಅಭಿಷೇಕ ಮಾಡುತ್ತಿದ್ದರೆ, ಅದೇ ಬೀದಿಯ ತುದಿಯಲ್ಲಿ ಹೆಣ್ಣುಮಕ್ಕಳು ಖಾಲಿ ಕೊಡ ಸಾಲಿಗಿಟ್ಟು ನಿಂತಿರುತ್ತಾರೆ. ನಲ್ಲಿಗೇ ಮೋಟಾರು ಹಚ್ಚಿ ಎಳೆದುಕೊಳ್ಳುವ ಮಹಾನುಭಾವರ ಮಾತು ಬೇರೆಯೇ ಇದೆ, ಅದನ್ನು ಇನ್ನೊಂದು ದಿನ ನೋಡೋಣ. ಇವತ್ತಿನ ಮಾತು ಗಿಡವೂ ಬದುಕಬೇಕು, ತುದಿಮನೆಯ ಕೊಡವೂ ತುಂಬಬೇಕು, ಅದು ಹೇಗೆ ಅಂತ.

ಪೈಪು ಹಿಡಿದವರ ಲೆಕ್ಕ

ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಿಲ್ಲ. ಆದರೂ ಒಮ್ಮೆ ಕೂಡಿ ನೋಡಿ. 15 ಲೀಟರಿನ ಕೊಡ ಒಂದು ನಿಮಿಷಕ್ಕೆ ತುಂಬುವಷ್ಟು ಪೈಪಿನಲ್ಲಿ ನೀರು ಬರುತ್ತದೆ ಅನ್ನಿ. ಅರ್ಧ ಗಂಟೆ ಪೈಪು ಹಿಡಿದರೆ 30 ಕೊಡ, ಅಂದರೆ 450 ಲೀಟರ್ ಖರ್ಚು.

ಗಿಡಕ್ಕೆ ನಿಜವಾಗಿ ಬೇಕಾದದ್ದೆಷ್ಟು? ಸುಡುಬೇಸಿಗೆಯಲ್ಲಿ ಬದನೆ, ಟೊಮೆಟೊ ಗಿಡಕ್ಕೆ ದಿನಕ್ಕೆ ಒಂದೂವರೆ ಲೀಟರ್ ಅಂತ ಹಿಡಿಯಿರಿ. 20 ಗಿಡಕ್ಕೆ 30 ಲೀಟರ್. ಮಲ್ಲಿಗೆಗೆ 3 ಲೀಟರಿನಂತೆ ನಾಲ್ಕು ಬಳ್ಳಿಗೆ 12. ಕರಿಬೇವಿಗೆ 5, ನಿಂಬೆಗೆ 15, ಫಲ ಬಿಡುವ ತೆಂಗಿಗೆ 50. ಎಲ್ಲ ಸೇರಿ 112 ಲೀಟರ್. ಏಳೂವರೆ ಕೊಡ!

ಹಾಗಾದರೆ ಉಳಿದ ಇಪ್ಪತ್ತೆರಡೂವರೆ ಕೊಡ ಎಲ್ಲಿಗೆ ಹೋಯಿತು? ಸ್ವಲ್ಪ ಚರಂಡಿಗೆ, ಸ್ವಲ್ಪ ಹುಲ್ಲಿಗೆ, ಸ್ವಲ್ಪ ಬಿಸಿಲಿಗೆ. ನಮ್ಮ ಕೆಂಪು ಮರಳುಮಿಶ್ರಿತ ಮಣ್ಣಿನಲ್ಲಂತೂ ಒಮ್ಮೆಲೇ ಸುರಿದ ನೀರು ಬೇರಿಗೆ ಕೈಕೊಟ್ಟು ನೆಟ್ಟಗೆ ಕೆಳಗಿಳಿಯುತ್ತದೆ. ಮಾರನೇ ದಿನ ಗಿಡ ಮತ್ತೆ ಬಾಡಿದ ಮುಖ ತೋರಿಸುತ್ತದೆ. ಮನೆಯವರು ಇನ್ನೂ ಹತ್ತು ನಿಮಿಷ ಹೆಚ್ಚು ಪೈಪು ಹಿಡಿಯುತ್ತಾರೆ.

ಅದೂ ಎಂಥ ನೀರು? ಚಳ್ಳಕೆರೆಯ ನಲ್ಲಿಗೆ ಬರುವುದು ಹಿರಿಯೂರು ತಾಲ್ಲೂಕಿನ ವಾಣಿ ವಿಲಾಸ ಸಾಗರದ ನೀರು. ಮೈಸೂರು ಮಹಾರಾಜರ ಕಾಲದಲ್ಲಿ, 1907ರಲ್ಲಿ ಮುಗಿದ ಮಾರಿಕಣಿವೆ ಅಣೆಕಟ್ಟು ಅದು. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬೀಳಲು 2022ರ ತನಕ ಕಾಯಬೇಕಾಯಿತು. ನಡುವೆ 89 ವರ್ಷ! ಇತ್ತ ನಮ್ಮ ಬೋರ್‌ವೆಲ್ ನೀರಿನಲ್ಲಿ ಅನೇಕ ಕಡೆ ಫ್ಲೋರೈಡ್. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಗಟ್ಟುತ್ತದೆ, ಹೆಚ್ಚಾದರೆ ಮೂಳೆಗೂ ಕುತ್ತು. ಹೀಗಿರುವಾಗ ಕುಡಿಯಲು ಯೋಗ್ಯವಾದ ನದಿ ನೀರನ್ನು ಕೊಡಗಟ್ಟಲೆ ಮಣ್ಣಿಗೆ ಸುರಿಯುವುದು ಯಾವ ನ್ಯಾಯ ಸ್ವಾಮಿ?

ಬಸ್ಸಿನ ಕಿಟಕಿಯಿಂದಲೇ ಕಾಣುವ ಪಾಠ

ಚಳ್ಳಕೆರೆಯಲ್ಲಿ ಬಳ್ಳಾರಿ ಕಡೆಯ ಬಸ್ಸು ಹತ್ತಿ ತಳಕು, ಬಿ.ಜಿ. ಕೆರೆ, ಹಾನಗಲ್ ಅಂತ ಹೋಗುವವರು ಕಿಟಕಿಯಾಚೆ ಒಮ್ಮೆ ನೋಡಿ. ದಾಳಿಂಬೆ ತೋಟ ಕಂಡರೆ ಸಾಲಿನುದ್ದಕ್ಕೂ ಕಪ್ಪು ಪೈಪು ಮಲಗಿರುತ್ತದೆ. ಕಾಲುವೆ ಇಲ್ಲ, ಪಾತಿಯಲ್ಲಿ ನೀರು ನಿಂತಿಲ್ಲ. ಬುಡದಲ್ಲಿ ಮಾತ್ರ ತಟ್ಟೆಯಗಲ ಒದ್ದೆ. ಅಂತರ್ಜಲವನ್ನು ಮಿತಿಮೀರಿ ಎತ್ತಿದ ತಾಲ್ಲೂಕು ಅಂತ ಸರ್ಕಾರದ ದಫ್ತರದಲ್ಲಿ ಹೆಸರು ಬರೆಸಿಕೊಂಡ ಚಳ್ಳಕೆರೆಯಲ್ಲಿ ರೈತ ತೋಟ ಉಳಿಸಿಕೊಂಡದ್ದು ಈ ಡ್ರಿಪ್ಪಿನಿಂದಲೇ. ಹಾಯಿನೀರಿನಲ್ಲಿ ಅರ್ಧದಷ್ಟು ನೀರು ಬೆಳೆಗೆ ಸಿಕ್ಕರೆ ಪುಣ್ಯ. ಡ್ರಿಪ್ಪಿನಲ್ಲಿ ನೂರಕ್ಕೆ 90ರಷ್ಟು ಬೇರಿಗೆ ಮುಟ್ಟಿಸಬಹುದು.

ಇದು ಬಂದದ್ದು ಇಸ್ರೇಲಿನಿಂದ. ಸೋರುವ ಪೈಪಿನ ಪಕ್ಕದ ಮರವೊಂದು ಉಳಿದವಕ್ಕಿಂತ ದೊಡ್ಡದಾಗಿ ಬೆಳೆದದ್ದನ್ನು ಸಿಮ್ಹಾ ಬ್ಲಾಸ್ ಎಂಬ ನೀರಾವರಿ ಎಂಜಿನಿಯರು ಗಮನಿಸಿದ. ಅದರ ಹಿಂದೆ ಬಿದ್ದು ಪ್ಲಾಸ್ಟಿಕ್ ಡ್ರಿಪ್ಪರ್ ಮಾಡಿದ. 1965ರಲ್ಲಿ ಹಟ್ಜೆರಿಮ್ ಎಂಬ ಸಹಕಾರಿ ಹಳ್ಳಿಯವರು ಅದರ ಕಾರ್ಖಾನೆ ತೆಗೆದರು. ಆ ಹಳ್ಳಿಯ ಪಕ್ಕದ ಬೀರ್‌ಷೆಬಾ ಊರಿಗೆ ವರ್ಷಕ್ಕೆ ಬೀಳುವ ಮಳೆ ಸುಮಾರು 200 ಮಿಲಿಮೀಟರ್. ನಮ್ಮ ಚಳ್ಳಕೆರೆಗೆ ಅದರ ಎರಡರಷ್ಟಾದರೂ ಬೀಳುತ್ತದೆ. ಅವರ ಮುಂದೆ ನಾವೇ ಶ್ರೀಮಂತರು!

ನಾವು ವರ್ಷಗಟ್ಟಲೆ ದಾರಿ ಕಾಯುತ್ತಿರುವ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಹೊಲಗಳಿಗೆ ಹನಿಯಾಗಿಯೇ ಬರಬೇಕು. ನಾಲ್ಕು ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರಿಗೆ ಸೂಕ್ಷ್ಮ ನೀರಾವರಿ ಅಂತಲೇ ಯೋಜನೆ ಬರೆದಿದ್ದಾರೆ. 2023ರ ಕೇಂದ್ರ ಬಜೆಟ್ಟಿನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯೂ ಆಯಿತು. ಹೊಲದವನು ಹನಿ ಎಣಿಸಬೇಕು, ಪೇಟೆಯವನು ಪೈಪು ಬಿಡಬಹುದು ಅಂದರೆ ಒಪ್ಪುವ ಮಾತೇ?

ಒಂದು ಡ್ರಮ್ಮು, ಒಂದು ಕಪ್ಪು ಪೈಪು

ಡ್ರಿಪ್ಪು ಅಂದಕೂಡಲೇ ಹೌಹಾರಬೇಡಿ. ಹೊಲಕ್ಕಾದರೆ ಪಹಣಿ ಹಿಡಿದು ಸಹಾಯಧನಕ್ಕೆ ಅಲೆಯಬೇಕು. ಹಿತ್ತಲಿಗೆ ಆ ರಗಳೆ ಇಲ್ಲ. ಇದರ ಸಾಮಾನಿಗೆ ಮೊಳಕಾಲ್ಮುರು ರೇಷ್ಮೆ ಸೀರೆಯ ಸೆರಗಿನಷ್ಟೂ ಬೆಲೆ ಆಗುವುದಿಲ್ಲ.

200 ಲೀಟರಿನ ಒಂದು ಡ್ರಮ್ಮು ತನ್ನಿ. ಬೆಳಕು ತೂರದ ಗಾಢ ಬಣ್ಣದ್ದಿರಲಿ, ಇಲ್ಲದಿದ್ದರೆ ಪಾಚಿ ಕಟ್ಟುತ್ತದೆ. ಯಾವುದೋ ಔಷಧಿ, ಆಸಿಡ್ ತುಂಬಿದ್ದ ಹಳೇ ಡ್ರಮ್ಮು ಬೇಡ. ಕಲ್ಲು ಅಥವಾ ಇಟ್ಟಿಗೆ ಕಟ್ಟೆ ಕಟ್ಟಿ ನಾಲ್ಕೈದು ಅಡಿ ಎತ್ತರಕ್ಕೆ ಕೂರಿಸಿ. ತಳದಿಂದ ಎರಡು ಇಂಚು ಮೇಲೆ ನಲ್ಲಿ ಹಾಕಿಸಿ, ಕೆಸರು ತಳದಲ್ಲೇ ಉಳಿಯುತ್ತದೆ. ನಲ್ಲಿಗೆ ಸಣ್ಣ ಫಿಲ್ಟರ್, ಅಲ್ಲಿಂದ 16 ಎಂಎಂ ಕಪ್ಪು ಪೈಪನ್ನು ಗಿಡಗಳ ಸಾಲಿಗೆ ಎಳೆಯಿರಿ. ಪೈಪಿನ ತುದಿ ಮಡಚಿ ಬಿಗಿಯಾಗಿ ಕಟ್ಟಿ.

ಇಲ್ಲೊಂದು ಗುಟ್ಟಿದೆ. ಅಂಗಡಿಯಲ್ಲಿ ಸಿಗುವ ಡ್ರಿಪ್ಪರುಗಳು ಹೆಚ್ಚಾಗಿ ಹೊಲದ ಪಂಪಿನ ಒತ್ತಡಕ್ಕೆ ಮಾಡಿದವು. ಆ ಒತ್ತಡ ಬರಬೇಕಾದರೆ ನೀರು 10 ಮೀಟರ್ ಎತ್ತರದಲ್ಲಿರಬೇಕು. ನಿಮ್ಮ ಡ್ರಮ್ಮು ಇರುವುದು ಒಂದೂವರೆ ಮೀಟರಿನಲ್ಲಿ. ದುಬಾರಿ ಡ್ರಿಪ್ಪರ್ ತಂದು ಸಿಕ್ಕಿಸಿದರೆ ಅದು ಬಾಯಿಯನ್ನೇ ಬಿಡದಿರಬಹುದು. ಅದಕ್ಕೇ ಡ್ರಮ್ಮಿನವರು ಮೈಕ್ರೋ ಟ್ಯೂಬು ಕೇಳಿ, ಅಂದರೆ ಸಣ್ಣ ಕಡ್ಡಿಯಂಥ ಕಪ್ಪು ನಳಿಕೆ. ದೊಡ್ಡ ಪೈಪಿಗೆ ತೂತು ಹೊಡೆದು ಚುಚ್ಚಿದರೆ ಆಯಿತು. ನಳಿಕೆ ಉದ್ದವಾದಷ್ಟೂ ನೀರು ಕಮ್ಮಿ, ಗಿಡ್ಡವಾದಷ್ಟೂ ಜಾಸ್ತಿ. ತಾರಸಿ ಮೇಲೆ ಟ್ಯಾಂಕು ಇರುವವರಿಗೆ ಸಾದಾ ಡ್ರಿಪ್ಪರೇ ಸಾಕು.

ಎಷ್ಟು ನೀರು ಬೀಳುತ್ತಿದೆ ಅಂತ ತಿಳಿಯಲು ಅರ್ಧ ಲೀಟರಿನ ಬಾಟಲಿ ಹಿಡಿಯಿರಿ. 15 ನಿಮಿಷಕ್ಕೆ ತುಂಬಿದರೆ ಗಂಟೆಗೆ 2 ಲೀಟರ್. ಬದನೆಗೆ ಮುಕ್ಕಾಲು ಗಂಟೆ ಬಿಟ್ಟರೆ ಸಾಕು. ತರಕಾರಿಗೆ ಬುಡದಿಂದ ನಾಲ್ಕು ಬೆರಳು ದೂರದಲ್ಲಿ ಒಂದು ನಳಿಕೆ. ತೆಂಗಿಗೆ ಮಾತ್ರ ಬುಡಕ್ಕೆ ಬಿಡಬೇಡಿ, ಮೂರ್ನಾಲ್ಕು ಅಡಿ ದೂರದಲ್ಲಿ ಸುತ್ತಲೂ ನಾಲ್ಕೈದು ಹಾಕಿ. ನೀರು ಕುಡಿಯುವ ಬೇರುಗಳು ಇರುವುದು ಅಲ್ಲಿ. ತೆಂಗಿಗೂ ಬದನೆಗೂ ಬೇರೆ ಬೇರೆ ಪೈಪು, ಬೇರೆ ಬೇರೆ ನಲ್ಲಿ ಇದ್ದರೆ ಒಳ್ಳೆಯದು. ಬೆಳಗಿನ ಜಾವವೋ ಸೂರ್ಯ ಮುಳುಗಿದ ಮೇಲೋ ನೀರು ಬಿಡಿ.

ಕೆಂಪು ನೆಲದವರು ಒಂದೇ ಸಲ ಬಿಡುವ ಬದಲು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಬಿಡಲಿ. ಎರೆ ಮಣ್ಣಿನವರಿಗೆ ಆ ಚಿಂತೆ ಇಲ್ಲ, ಆ ಮಣ್ಣು ನೀರನ್ನು ಅಗಲಕ್ಕೆ ಹರಡಿ ಹಿಡಿದಿಟ್ಟುಕೊಳ್ಳುತ್ತದೆ.

ಇದರ ಇನ್ನೊಂದು ಲಾಭವನ್ನು ಮಗ್ಗದ ಮನೆಯವರು ಬೇಗ ಒಪ್ಪುತ್ತಾರೆ. ನಲ್ಲಿ ತಿರುಗಿಸಿ ಮಗ್ಗಕ್ಕೆ ಕೂತರೆ ಆಯಿತು, ಗಿಡದಿಂದ ಗಿಡಕ್ಕೆ ಬಕೆಟ್ ಹೊರುವ ಕೆಲಸವಿಲ್ಲ.

ಕುಂಬಾರರ ಗಡಿಗೆಯೂ ಡ್ರಿಪ್ಪೇ

ಡ್ರಮ್ಮಿಗೂ ದುಡ್ಡಿಲ್ಲ ಅನ್ನುವವರು ಕುಂಬಾರರ ಮನೆಗೆ ಹೋಗಿ. ಐದಾರು ಲೀಟರ್ ಹಿಡಿಸುವ, ಬಣ್ಣ ಬಳಿಯದ ಮಣ್ಣಿನ ಗಡಿಗೆ ತಂದು ಗಿಡಗಳ ನಡುವೆ ಕುತ್ತಿಗೆವರೆಗೆ ಹೂಳಿ. ನೀರು ತುಂಬಿ ಬಾಯಿ ಮುಚ್ಚಿ. ಮಣ್ಣು ಒಣಗಿದಂತೆಲ್ಲ ಗಡಿಗೆ ತಾನಾಗಿ ಬೆವರುತ್ತದೆ, ಮಣ್ಣು ಒದ್ದೆಯಿದ್ದರೆ ಸುಮ್ಮನಿರುತ್ತದೆ. ಎರಡು ಮೂರು ದಿನಕ್ಕೊಮ್ಮೆ ತುಂಬಿಸಿದರೆ ಸುತ್ತಲಿನ ನಾಲ್ಕು ತರಕಾರಿ ಗಿಡ ಬದುಕುತ್ತವೆ. ಎರಡು ಸಾವಿರ ವರ್ಷದ ಹಿಂದಿನ ಚೀನಾದ ಬೇಸಾಯದ ಪುಸ್ತಕದಲ್ಲೇ ಈ ಉಪಾಯ ಇದೆ.

ಗಡಿಗೆ ಇರಲಿ ಡ್ರಮ್ಮು ಇರಲಿ, ಒದ್ದೆ ನೆಲಕ್ಕೆ ಹೊದಿಕೆ ಬೇಕು. ಎಣ್ಣೆ ಮಿಲ್ಲುಗಳ ಊರಿನವರಿಗೆ ಅದನ್ನು ಹುಡುಕುವ ಕಷ್ಟವಿಲ್ಲ. ಶೇಂಗಾ ಸಿಪ್ಪೆಯನ್ನು ಎರಡು ಮೂರು ಬೆರಳು ದಪ್ಪಕ್ಕೆ ಹರಡಿ. ಬಿಸಿಲು ನೆಲ ಮುಟ್ಟುವುದಿಲ್ಲ, ಕಳೆಯೂ ಕಮ್ಮಿ. ಕಾಂಡಕ್ಕೆ ತಾಗುವಂತೆ ಮಾತ್ರ ಗುಡ್ಡೆ ಹಾಕಬೇಡಿ, ಗೆದ್ದಲು ಬಂದೀತು.

ಉಪ್ಪು, ಅಳಿಲು, ಸೊಳ್ಳೆ

ತೊಂದರೆಗಳೂ ಇವೆ, ಮುಚ್ಚಿಡುವುದು ಬೇಡ. ಬೋರಿನ ಗಡಸು ನೀರು ನಳಿಕೆಯ ಬಾಯಲ್ಲಿ ಬಿಳಿ ಉಪ್ಪು ಕಟ್ಟುತ್ತದೆ. ಹದಿನೈದು ದಿನಕ್ಕೊಮ್ಮೆ ಪೈಪಿನ ತುದಿ ಬಿಚ್ಚಿ ಜೋರಾಗಿ ನೀರು ಹರಿಸಿ. ಕಟ್ಟಿಕೊಂಡ ನಳಿಕೆಯನ್ನು ರಾತ್ರಿ ನಿಂಬೆರಸದ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಊದಿ ತೆಗೆಯಿರಿ. ಬಾಯಾರಿದ ಅಳಿಲು ಪೈಪು ಕಡಿಯುತ್ತದೆ. ಪಕ್ಕದಲ್ಲಿ ಒಂದು ಚಿಪ್ಪು ನೀರಿಟ್ಟರೆ ಅದಕ್ಕೂ ಸಮಾಧಾನ, ನಿಮಗೂ ಪುಣ್ಯ. ಡ್ರಮ್ಮಿನ ಬಾಯಿ ತೆರೆದಿಟ್ಟರೆ ಡೆಂಗ್ಯೂ ಸೊಳ್ಳೆಗೆ ತೊಟ್ಟಿಲು ಕಟ್ಟಿದ ಹಾಗೆ, ಭದ್ರವಾಗಿ ಮುಚ್ಚಿ.

ಶುದ್ಧ ನೀರಿನ ಘಟಕದಿಂದ ಹೊರಬೀಳುವ ನೀರನ್ನು ಪುಕ್ಕಟೆ ಸಿಕ್ಕಿತು ಅಂತ ದಿನವೂ ಗಿಡಕ್ಕೆ ಹಾಕಬೇಡಿ. ಅದರಲ್ಲಿರುವುದು ಕುಡಿಯುವ ನೀರಿನಿಂದ ಬೇರೆಯಾಗಿ ಗಟ್ಟಿಗೊಂಡ ಉಪ್ಪು. ಬಚ್ಚಲ ನೀರು ಬಾಳೆಗೆ ಆದೀತು, ಆದರೆ ನಳಿಕೆಯಲ್ಲಿ ಬಿಟ್ಟರೆ ಸೋಪಿನ ಜಿಡ್ಡು ಕಟ್ಟುತ್ತದೆ. ಅದನ್ನು ನೇರ ಪಾತಿಗೆ ಬಿಡಿ. ಕುಡಿಯಲು ಬಾರದ ಬೋರಿನ ನೀರು ಹೆಚ್ಚು ಉಪ್ಪಿಲ್ಲದಿದ್ದರೆ ಡ್ರಮ್ಮಿಗೆ ಅದೇ ಇರಲಿ, ನಲ್ಲಿಯ ಸಿಹಿನೀರು ಒಲೆಗೂ ಹೂಜಿಗೂ ಇರಲಿ.

ತುದಿಮನೆಯ ಕೊಡ

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಈ ಬರಗಾಲದ ಸೀಮೆಯಲ್ಲಿ ಕೆರೆ ಕಟ್ಟಿಸಿದವರು ಅಂತ ಜನ ಇವತ್ತಿಗೂ ಕೈಮುಗಿಯುತ್ತಾರೆ. ‘ಮಾಡಿದಷ್ಟು ನೀಡು ಭಿಕ್ಷೆ’ ಅನ್ನುವ ಅವರ ಮಾತು ಜಾತ್ರೆಗೆ ಹೋದವರಿಗೆಲ್ಲ ಗೊತ್ತು. ಗಿಡಕ್ಕೂ ಅದೇ ನ್ಯಾಯ, ಅದು ದುಡಿದಷ್ಟು ನೀರು ಕೊಟ್ಟರೆ ಸಾಕು.

ನಗರಸಭೆ, ಪಂಚಾಯ್ತಿಯವರು ಗಿಡಕ್ಕೆ ಪೈಪು ಬಿಡಬೇಡಿ ಅಂತ ಬೇಸಿಗೆಯಲ್ಲಿ ಆಟೋದಲ್ಲಿ ಕೂಗಿಸಿದರೆ ಸಾಲದು. ತಮ್ಮದೇ ಪಾರ್ಕು, ಕಚೇರಿ ಅಂಗಳಗಳಲ್ಲಿ ಮೊದಲು ಡ್ರಿಪ್ಪು ಹಾಕಿ ತೋರಿಸಲಿ. ಹಾರ್ಡ್‌ವೇರ್ ಅಂಗಡಿಯವರು ಮೈಕ್ರೋ ಟ್ಯೂಬು, ಫಿಲ್ಟರು, 16 ಎಂಎಂ ಪೈಪು ಒಂದೇ ಕಟ್ಟು ಮಾಡಿ ಮಾರಿದರೆ ಅವರಿಗೆ ವ್ಯಾಪಾರ, ಊರಿಗೆ ಉಪಕಾರ. ಇನ್ನು ಬೀದಿಯ ಮೇಲ್ಗಡೆ ಮನೆಯವರು ದಿನಕ್ಕೆ 22 ಕೊಡ ಉಳಿಸಿದರೆ ತುದಿಮನೆಯಲ್ಲಿ ಎರಡು ಸಂಸಾರದ ಅಡುಗೆ, ಕುಡಿಯುವುದು, ಪಾತ್ರೆ ಎಲ್ಲ ನಡೆಯುತ್ತದೆ. ನಾಳೆ ನಲ್ಲಿ ಬಂದಾಗ ಪೈಪು ಸಿಕ್ಕಿಸುವ ಮೊದಲು ಒಂದು ಸಲ ಬೀದಿಯ ಆ ತುದಿಗೆ ಹೋಗಿ ಸಾಲಿನಲ್ಲಿರುವ ಕೊಡ ಎಣಿಸಿ ಬನ್ನಿ.