‘ನೋಡಿ ಕೊಡ್ರಿ’ ಅಂದರೆ ಲೆಕ್ಕ ತಪ್ಪುತ್ತದೆ

ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾದದ್ದು 1941ರಲ್ಲಿ. ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಆ ಕಾರ್ಖಾನೆ 2000ರ ದಶಕದ ಮೊದಲ ವರ್ಷಗಳಲ್ಲಿ ಬಾಗಿಲು ಹಾಕಿತು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲೂ ಹತ್ತಿ ಗಿರಣಿಗಳು ಒಂದೊಂದಾಗಿ ನಿಂತವು. ತಿಂಗಳ ಸಂಬಳದ ದಾರಿ ಹೀಗೆ ಕಿರಿದಾದ ಊರುಗಳಲ್ಲಿ ಕಸುಬು ಗೊತ್ತಿದ್ದವರು ಸ್ವಂತ ದುಡಿಮೆಗೆ ಇಳಿಯುವುದು ಹೊಸತಲ್ಲ. ಈಗ ಐಟಿಐ ಮುಗಿಸಿ ಬರುವ ಎಲೆಕ್ಟ್ರಿಷಿಯನ್, ಪ್ಲಂಬರ್, ವೆಲ್ಡರ್, ಟರ್ನರ್‌ಗಳ ಮುಂದೆಯೂ ಅದೇ ದಾರಿ ಇದೆ.

ಇವರಲ್ಲಿ ಹಲವರಿಗೆ ಕೆಲಸ ಮಾಡಲು ಬರುತ್ತದೆ, ರೇಟು ಹೇಳಲು ಬರುವುದಿಲ್ಲ. “ಎಷ್ಟಾಗುತ್ತಪ್ಪಾ?” ಎಂದು ಮನೆಯವರು ಕೇಳಿದರೆ ಹೊಸಬನ ಉತ್ತರ, “ನೀವೇ ನೋಡಿ ಕೊಡ್ರಿ ಸಾರ್.” ಇಲ್ಲವೇ ಪಕ್ಕದ ಓಣಿಯವನಿಗಿಂತ ಐವತ್ತು ರೂಪಾಯಿ ಕಡಿಮೆ. ಎರಡರಲ್ಲೂ ಅವನ ಸ್ವಂತ ಖರ್ಚಿನ ಲೆಕ್ಕವೇ ಇಲ್ಲ.

ಮೊದಲು ಸಂಬಳದ ಒಳಗುಟ್ಟು ನೋಡಬೇಕು. ತಿಂಗಳಿಗೆ 15,000 ರೂಪಾಯಿ ಸಂಬಳದ ಕೆಲಸಗಾರನಿಗೆ ಮಾಲೀಕ ಶೇ. 12ರಂತೆ 1,800 ರೂಪಾಯಿ ಪಿಎಫ್ ಕಟ್ಟುತ್ತಾನೆ. ಶೇ. 3.25ರಂತೆ ಸುಮಾರು 488 ರೂಪಾಯಿ ಇಎಸ್‌ಐಗೆ ಹೋಗುತ್ತದೆ. ವರ್ಷಕ್ಕೆ ಹದಿನೈದು ದಿನದ ಸಂಬಳದಂತೆ ಗ್ರ್ಯಾಚುಟಿ ಹಿಡಿದರೆ ತಿಂಗಳಿಗೆ ಇನ್ನೂ 720 ರೂಪಾಯಿ. ಕೈಗೆ ಸಿಗದ ಈ ಬಾಬತ್ತು ಸೇರಿದರೆ ಲೆಕ್ಕ 18,000 ದಾಟುತ್ತದೆ. ಸ್ವಂತಕ್ಕೆ ಇಳಿದ ದಿನವೇ ಇದೆಲ್ಲ ದುಡಿಯುವವನ ಹೆಗಲಿಗೆ ಬರುತ್ತದೆ. ರಜೆಯ ಸಂಬಳವೂ ನಿಲ್ಲುತ್ತದೆ.

ಇನ್ನು ದಿನಗಳ ಲೆಕ್ಕ. ವರ್ಷದ 365 ದಿನಗಳಲ್ಲಿ ಭಾನುವಾರ 52 ಕಳೆದರೆ 313. ಯುಗಾದಿ, ದೀಪಾವಳಿ, ಊರ ಜಾತ್ರೆ ಎಂದು 18 ದಿನ, ಜ್ವರ, ಮದುವೆ, ಮಣ್ಣು ಎಂದು 15 ದಿನ. ಎಸ್ಟಿಮೇಟ್ ಕೊಡಲು ಅಲೆದದ್ದು, ಸಾಮಾನಿಗೆ ಕಾದದ್ದು, ಕೆಲಸವೇ ಸಿಗದೆ ಕೂತದ್ದು 60 ದಿನ ಎಂದಿಟ್ಟುಕೊಳ್ಳೋಣ. ದುಡ್ಡು ಹುಟ್ಟುವ ದಿನಗಳು ಉಳಿಯುವುದು 220 ಮಾತ್ರ.

ದಾವಣಗೆರೆಯ ಒಬ್ಬ ಪ್ಲಂಬರ್‌ನನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಮನೆ ನಡೆಸಲು ಅವನಿಗೆ ತಿಂಗಳಿಗೆ 20,000 ಬೇಕು, ವರ್ಷಕ್ಕೆ 2,40,000. ಬೈಕ್ ಮತ್ತು ಪೆಟ್ರೋಲಿಗೆ 30,000, ಫೋನಿಗೆ 5,000. 40,000 ರೂಪಾಯಿಯ ಡ್ರಿಲ್ಲಿಂಗ್ ಮೆಷಿನ್, ಪೈಪ್ ವ್ರೆಂಚು ಇತ್ಯಾದಿ ನಾಲ್ಕು ವರ್ಷ ಬಾಳಿದರೆ ವರ್ಷದ ಸವಕಳಿ 10,000. ಆರೋಗ್ಯ ವಿಮೆಗೆ 15,000, ಮುಪ್ಪಿನ ಉಳಿತಾಯಕ್ಕೆ 24,000. ಕೆಟ್ಟ ಕೆಲಸ ಮತ್ತೆ ಮಾಡಿಕೊಟ್ಟದ್ದು, ವಸೂಲಾಗದ ಉದ್ರಿ ಎಂದು 6,000. ಒಟ್ಟು 3,30,000. ಇದನ್ನು 220ರಿಂದ ಭಾಗಿಸಿದರೆ ದಿನಕ್ಕೆ 1,500 ರೂಪಾಯಿ.

20,000ವನ್ನು 26ರಿಂದ ಭಾಗಿಸಿ ‘ದಿನಕ್ಕೆ 770 ಸಾಕು’ ಅಂದುಕೊಂಡವನು ಅರ್ಧ ಕೂಲಿಗೆ ದುಡಿಯುತ್ತಿದ್ದಾನೆ.

ಈ 1,500 ಗಿರಾಕಿಗೆ ಹೇಳಲೇಬೇಕಾದ ಅಂಕಿಯಲ್ಲ. ಪೇಟೆಯಲ್ಲಿ ವೈರಿಂಗ್ ಪಾಯಿಂಟ್ ಲೆಕ್ಕದಲ್ಲಿ, ಪೇಂಟಿಂಗ್ ಚದರಡಿಯಲ್ಲಿ, ಗೌಂಡಿ ಕೆಲಸ ಚದರದಲ್ಲಿ ನಡೆಯುತ್ತದೆ. ಎಲೆಕ್ಟ್ರಿಷಿಯನ್ನನ ದಿನದ ಲೆಕ್ಕವೂ 1,500 ಬಂದು, ಹೆಲ್ಪರ್‌ಗೆ 700 ಕೊಟ್ಟು, ಇಬ್ಬರೂ ದಿನಕ್ಕೆ ಹತ್ತು ಪಾಯಿಂಟ್ ಮುಗಿಸಿದರೆ ಪಾಯಿಂಟಿಗೆ 220ಕ್ಕಿಂತ ಕೆಳಗೆ ಇಳಿಯುವಂತಿಲ್ಲ. ಪೇಟೆಯ ರೇಟು ಅದಕ್ಕಿಂತ ಕಡಿಮೆ ಇದ್ದರೆ ಕೆಲಸದ ವೇಗ ಹೆಚ್ಚಬೇಕು, ಖಾಲಿ ದಿನ ಕಡಿಮೆಯಾಗಬೇಕು, ಇಲ್ಲವೇ ಬೇರೆ ಬಗೆಯ ಕೆಲಸ ಹುಡುಕಬೇಕು.

ಸಣ್ಣ ಕೆಲಸದಲ್ಲೇ ಹೆಚ್ಚು ಪೆಟ್ಟು. ದಾವಣಗೆರೆಯಿಂದ ಹರಿಹರ ಸುಮಾರು 14 ಕಿಲೋಮೀಟರ್. ನಲ್ಲಿಯ ವಾಷರ್ ಬದಲಿಸಲು ಹತ್ತು ನಿಮಿಷ ಸಾಕು. ಹೋಗಿ ಬರಲು ಒಂದು ಗಂಟೆ, ಅರ್ಧ ಲೀಟರಿಗೂ ಮಿಕ್ಕ ಪೆಟ್ರೋಲ್. ಇಂಥ ಕೆಲಸಕ್ಕೆ ‘ಬಂದು ನೋಡಲು ಇಷ್ಟು’ ಎಂದು ಫೋನಿನಲ್ಲೇ ಹೇಳುವುದು ಒಳ್ಳೆಯದು.

ಲೇತ್ ಇಟ್ಟುಕೊಂಡವರ ಲೆಕ್ಕ ಯಂತ್ರದ ಗಂಟೆಯ ಮೇಲೆ ನಿಲ್ಲುತ್ತದೆ. ಶೆಡ್ ಬಾಡಿಗೆ 6,000, ಸಾಲದ ಕಂತು 9,000, ಕರೆಂಟು 5,000, ಟೂಲ್ ಬಿಟ್ ಮತ್ತು ಆಯಿಲ್ 5,000, ಟರ್ನರ್‌ನ ದುಡಿಮೆ 25,000 ಎಂದು ಹಿಡಿದರೆ ತಿಂಗಳಿಗೆ 50,000. ಶೆಡ್ ಬಾಗಿಲು ತೆರೆದಿರುವುದು 200 ಗಂಟೆ ಇರಬಹುದು, ಜಾಬ್ ತಿರುಗುವುದು 125 ಗಂಟೆ. ಆಗ ಗಂಟೆಗೆ 250 ಅಲ್ಲ, 400 ಬೀಳುತ್ತದೆ. ಮೆಷಿನ್ ನಿಂತರೂ ಬೆಸ್ಕಾಂ ಬಿಲ್ಲಿನಲ್ಲಿ ನಿಗದಿತ ಶುಲ್ಕ ಬಂದೇ ಬರುತ್ತದೆ.

ಕಂಪನಿಗಳಿಗೆ ಜಾಬ್ ವರ್ಕ್ ಮಾಡುವವರಿಗೆ ರೇಟಿಗಿಂತ ದೊಡ್ಡ ತಲೆನೋವು ಹಣ ಬರುವ ದಿನ. ಮೂರು ತಿಂಗಳು ತಡವಾದರೆ ಆ ಬಡ್ಡಿ ಕೆಲಸಗಾರನದು. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ) ಕಾಯ್ದೆಯ ಪ್ರಕಾರ ಲಿಖಿತ ಒಪ್ಪಂದವಿದ್ದರೂ 45 ದಿನದೊಳಗೆ, ಇಲ್ಲದಿದ್ದರೆ 15 ದಿನದೊಳಗೆ ಹಣ ಕೊಡಬೇಕು. ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಈ ರಕ್ಷಣೆಗೆ ಉದ್ಯಮ್ ನೋಂದಣಿ ಬೇಕು. ಸರ್ಕಾರಿ ಪೋರ್ಟಲ್‌ನಲ್ಲಿ ಅದು ಉಚಿತ.

ಸಾಮಾನಿನ ದುಡ್ಡನ್ನು ಮಜೂರಿಯಿಂದ ಬೇರೆ ಇಡುವುದೂ ಮುಖ್ಯ. ಪೈಪು, ವೈರಿನ ಹಣವೆಲ್ಲ ತನ್ನ ಯುಪಿಐಗೆ ಹಾಕಿಸಿಕೊಂಡರೆ ಅದೂ ವಹಿವಾಟಿನ ಲೆಕ್ಕಕ್ಕೆ ಬರಬಹುದು. ಸೇವೆ ಕೊಡುವವರ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಯುಪಿಐ ವಹಿವಾಟು ನೋಡಿ 2025ರಲ್ಲಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ನೋಟಿಸ್ ಬಂದದ್ದು ಹಲವರಿಗೆ ನೆನಪಿರಬಹುದು. ಸಾಮಾನಿನ ಬಿಲ್ಲನ್ನು ಗಿರಾಕಿಯೇ ನೇರ ಅಂಗಡಿಗೆ ಕಟ್ಟಿದರೆ ಎರಡೂ ಕಡೆಯವರಿಗೆ ಲೆಕ್ಕ ಸ್ಪಷ್ಟ.

ಇಲ್ಲಿನ ಅಂಕಿಗಳು ಮಾದರಿ ಮಾತ್ರ. ಸ್ವಂತಕ್ಕೆ ಇಳಿಯುವವರು ಮೊದಲ ಮೂರು ತಿಂಗಳು ಒಂದು ನೋಟ್‌ಬುಕ್ಕಿನಲ್ಲಿ ದಿನವೂ ನಾಲ್ಕು ಸಂಗತಿ ಬರೆದಿಡಲಿ: ಎಷ್ಟು ಗಂಟೆ ಕೆಲಸ, ಎಷ್ಟು ಖರ್ಚು, ಎಷ್ಟು ಬಂತು, ಎಷ್ಟು ಬಾಕಿ. ಆಮೇಲೆ 220ರ ಜಾಗದಲ್ಲಿ ತಮ್ಮದೇ ಅಂಕಿ ಹಾಕಿ ಮತ್ತೊಮ್ಮೆ ಭಾಗಿಸಿ ನೋಡಲಿ.